ಸಿದ್ಧರಾಮನ ಕೆರೆ, ಲಾವೋತ್ಸೆಯ ಪಾಠ

ವಿಜಯಪುರದ ಸಿದ್ಧೇಶ್ವರ ಗುಡಿಗೆ ಸಂಕ್ರಾಂತಿ ಬಂತೆಂದರೆ ಜಾತ್ರೆ. ನಂದಿಕೋಲು ಹೊರಡುತ್ತವೆ, ದನದ ಸಂತೆ ಕೂಡುತ್ತದೆ. ಈ ಗುಡಿಯ ದೇವರು ಒಂದು ಕಾಲಕ್ಕೆ ಕೆರೆ ಕಟ್ಟಿಸಿದ ಮನುಷ್ಯ ಎಂಬುದು ಆ ಗದ್ದಲದಲ್ಲಿ ಮರೆತೇ ಹೋಗುತ್ತದೆ. 12ನೇ ಶತಮಾನದ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ ಸಿದ್ಧರಾಮ ಜನರನ್ನು ಕೂಡಿಸಿ ಕೆರೆ ತೋಡಿಸಿದ. ಅಲ್ಲಮಪ್ರಭು ಅಲ್ಲಿಗೆ ಬಂದು ಅವನನ್ನು ಮಣ್ಣುಕೆಲಸದವನೆಂದು ಕೆಣಕಿದ, ಸಿಟ್ಟಿಗೆದ್ದ ಕೆಲಸಗಾರರು ಕಲ್ಲು ತೂರಿದರು ಎಂದು ಶೂನ್ಯಸಂಪಾದನೆ ಹೇಳುತ್ತದೆ.

ಅಲ್ಲಮನ ತಕರಾರು ಕೆರೆಯ ಮೇಲಿರಲಿಲ್ಲ. ಕೆರೆ ಕಟ್ಟಿಸಿದವನು ತಾನೆಂಬ ಹಮ್ಮಿನ ಮೇಲಿತ್ತು. ಅವನಿಗಿಂತ ಸುಮಾರು ಒಂದೂವರೆ ಸಾವಿರ ವರ್ಷ ಮೊದಲೇ ಚೀನಾದಲ್ಲಿ ಇದೇ ತಕರಾರು ಎದ್ದಿತ್ತು. ಲಾವೋತ್ಸೆಯ ಹೆಸರಿನಲ್ಲಿ ಉಳಿದಿರುವ 81 ಅಧ್ಯಾಯಗಳ ಪುಟ್ಟ ಪುಸ್ತಕವನ್ನು ಯು.ಆರ್. ಅನಂತಮೂರ್ತಿ 'ದಾವ್ ದ ಜಿಂಗ್' ಎಂದು ಕನ್ನಡಕ್ಕೆ ತಂದಿದ್ದಾರೆ. ಒಳ್ಳೆಯ ಅರಸ ಇದ್ದಾನೆಂಬುದಷ್ಟೇ ಪ್ರಜೆಗಳಿಗೆ ಗೊತ್ತಿರುತ್ತದೆ, ಕೆಲಸ ಮುಗಿದಾಗ ಅವರು ಅದನ್ನು ತಾವೇ ಮಾಡಿದೆವು ಅಂದುಕೊಳ್ಳುತ್ತಾರೆ ಎಂಬುದು ಅದರ ರಾಜಕೀಯದ ತಿರುಳು.

ಈ ಮಾತನ್ನು ದುರುಪಯೋಗ ಮಾಡುವುದು ಬಹಳ ಸುಲಭ. 1988ರಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಸಂಸತ್ತಿನ ಮುಂದೆ ಲಾವೋತ್ಸೆಯ ಸಣ್ಣ ಮೀನಿನ ಉಪಮೆಯನ್ನು ಎತ್ತಿದರು. ಸಣ್ಣ ಮೀನನ್ನು ಬೇಯಿಸುವಾಗ ಪದೇಪದೇ ಮಗುಚಿದರೆ ಪುಡಿಯಾಗುತ್ತದೆ, ದೊಡ್ಡ ದೇಶದ ಆಡಳಿತವೂ ಹಾಗೆಯೇ. ಸರ್ಕಾರ ಕೈಕಟ್ಟಿ ಕೂತಷ್ಟೂ ಒಳ್ಳೆಯದು ಎಂಬುದು ರೇಗನ್ ತೆಗೆದ ಅರ್ಥ. ಆ ಅರ್ಥವನ್ನು ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾಕ್ಕೆ ತಂದು ನೋಡಿ. ಬರ ಬಿದ್ದಾಗಲೆಲ್ಲ ಗುಳೆ ಹೋದ, ಟ್ಯಾಂಕರ್ ದಾರಿ ಕಾದ ಊರುಗಳಿವು. ಕೃಷ್ಣೆಯ ನೀರು ತಾನಾಗಿ ಗುಡ್ಡ ಹತ್ತುವುದಿಲ್ಲ, ತುಬಚಿ–ಬಬಲೇಶ್ವರ ಏತ ನೀರಾವರಿಯಂಥ ಯೋಜನೆಯ ಪಂಪುಗಳೇ ಎತ್ತಬೇಕು. ಇಲ್ಲಿ ನೆರವಿಗೆ ಬರುವವನು ಚೀನಾದ ಇನ್ನೊಬ್ಬ ಚಿಂತಕ ಮೆನ್ಸಿಯಸ್. ಜನರಿಗೆ ನೆಲೆಯಾದ ಬದುಕು ಕೊಡದೆ ನೆಲೆಯಾದ ಮನಸ್ಸು ಬಯಸಬಾರದು, ಹೊಟ್ಟೆಗಿಲ್ಲದೆ ತಪ್ಪಿ ನಡೆದವರನ್ನು ದಂಡಿಸುವುದು ಬಲೆ ಬೀಸಿದಂತೆ ಎಂದು ಅವನು ಅರಸನ ಮುಖಕ್ಕೇ ಹೇಳಿದ್ದ. 'ಇದ್ದುದರಲ್ಲಿ ತೃಪ್ತಿಪಡು' ಎಂಬ ದಾವ್ ಉಪದೇಶ ಕುರ್ಚಿಯಲ್ಲಿ ಕೂತವನಿಗೆ ಮದ್ದು. ನೀರಿಲ್ಲದವನಿಗೆ ಅದನ್ನೇ ಹೇಳಿದರೆ ಮೋಸ.

ಕೈಕಟ್ಟಿ ಕೂರುವುದಲ್ಲವಾದರೆ, ಲಾವೋತ್ಸೆ ಬೋಧಿಸಿದ ನಿಷ್ಕ್ರಿಯೆ ಎಂದರೇನು? ಕ್ರಿ.ಪೂ. 256ರ ಸುಮಾರಿಗೆ ಸಿಚುವಾನ್‌ನಲ್ಲಿ ಲಿ ಬಿಂಗ್ ಎಂಬ ಅಧಿಕಾರಿ ಮಿನ್ ನದಿಗೆ ಅಡ್ಡಗಟ್ಟೆ ಹಾಕದೆ, ಹರಿವನ್ನೇ ಸೀಳಿ ಕಾಲುವೆಗೆ ತಿರುಗಿಸಿದ. ದುಜಿಯಾಂಗ್ಯಾನ್ ಎಂಬ ಆ ವ್ಯವಸ್ಥೆ ಇಂದಿಗೂ ಹೊಲಗಳಿಗೆ ನೀರುಣಿಸುತ್ತಿದೆ. ಕಾಲಕಾಲಕ್ಕೆ ಹೂಳು ತೆಗೆಯುತ್ತ ಬಂದದ್ದೇ ಅದು ಉಳಿಯಲು ಕಾರಣ. ವಿಜಯಪುರದ ಆದಿಲ್‌ಶಾಹಿಗಳ ಕರೇಜ್ ಕೂಡ ಇಂಥದ್ದೇ ಜಾಣತನ. ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ಇಳಿಜಾರಿನ ಬಲದಿಂದಲೇ ನಗರಕ್ಕೆ ಬರುತ್ತಿತ್ತು. ನೀರಿನ ಸ್ವಭಾವಕ್ಕೆ ಎದುರು ಹೋಗದೆ ಕೆಲಸ ಸಾಧಿಸುವುದೇ ಈ ನಿಷ್ಕ್ರಿಯೆ. ಇದಕ್ಕೆ ಸೋಮಾರಿತನ ಸಲ್ಲದು, ಎಡೆಬಿಡದ ನಿಗಾ ಬೇಕು. ನಿಗಾ ತಪ್ಪಿದಾಗ ಏನಾಗುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ವಿಜಯಪುರದಲ್ಲೇ 1620ರಲ್ಲಿ ಕಟ್ಟಿದ ತಾಜ್ ಬಾವಡಿ ಎಂಬ ಬಾವಿಯ ದೊಡ್ಡ ಕಮಾನು, ಅದರ ಎರಡೂ ಬದಿಯ ಎಂಟು ಮೂಲೆಯ ಗೋಪುರಗಳು ಗಟ್ಟಿಯಾಗಿಯೇ ನಿಂತಿದ್ದವು. ಕೆಳಗಿನ ನೀರಿನಲ್ಲಿ ಮಾತ್ರ ವರ್ಷಾನುಗಟ್ಟಲೆ ಕಸ ತುಂಬಿತ್ತು. ಹೂಳೆತ್ತುವುದಕ್ಕೆ ಉದ್ಘಾಟನೆಯ ಕಳೆ ಇಲ್ಲವಲ್ಲ!

ಹೆಸರು ಬಿಟ್ಟು ಬದುಕುವುದು ಸಾಧ್ಯವೆಂಬುದಕ್ಕೆ ಈ ನೆಲದಲ್ಲೇ ಸಾಕ್ಷಿಯಿದೆ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಜೇಬಿಲ್ಲದ ಅಂಗಿ ತೊಡುತ್ತಿದ್ದರು. 2018ರಲ್ಲಿ ಬಂದ ಪದ್ಮಶ್ರೀಯನ್ನು ನಯವಾಗಿ ಬೇಡವೆಂದರು. ತಮಗೆ ಸ್ಮಾರಕ ಕಟ್ಟಬಾರದು, ದೇಹವನ್ನು ಅಗ್ನಿಗೆ ಒಪ್ಪಿಸಬೇಕು ಎಂದು ಬರೆದಿಟ್ಟು 2023ರ ಜನವರಿ 2ರಂದು ತೀರಿಕೊಂಡರು. ಮಂತ್ರಿಪದವಿಯ ಕರೆ ತಂದ ಅಧಿಕಾರಿಗಳಿಗೆ ಲಾವೋತ್ಸೆಯ ದಾರಿಯ ಚಿಂತಕ ಜ್ವಾಂಗ್ಜಿ ಕೊಟ್ಟ ಉತ್ತರ ಇಲ್ಲಿ ನೆನಪಾಗುತ್ತದೆ. ಸತ್ತು ಗುಡಿಯ ಪೆಟ್ಟಿಗೆಯಲ್ಲಿ ಪೂಜೆಗೊಳ್ಳುವ ಆಮೆಗಿಂತ ಕೆಸರಲ್ಲಿ ಬಾಲ ಎಳೆಯುತ್ತ ಬದುಕುವ ಆಮೆಯೇ ತನಗೆ ಲೇಸು ಎಂದಿದ್ದನವನು. ತನಗೆ ಆಡಂಬರದ ಶವಸಂಸ್ಕಾರ ಬೇಡವೆಂದೂ ಹೇಳಿದ್ದ.

ಸನ್ಯಾಸಿಗೇನೋ ಇದು ಸರಿ, ಶಾಸಕನಿಗೆ? ಲಾವೋತ್ಸೆಯ ಅರಸ ಚುನಾವಣೆಗೆ ನಿಲ್ಲುತ್ತಿರಲಿಲ್ಲ. ನೀರು ತಂದವನ ಹೆಸರೇ ಗೊತ್ತಿಲ್ಲದಿದ್ದರೆ ಪಂಪು ಕೆಟ್ಟ ದಿನ ಯಾರ ಮನೆ ಬಾಗಿಲು ಬಡಿಯುವುದು? ಹೀಗಾಗಿ ಪ್ರಜಾಪ್ರಭುತ್ವದಲ್ಲಿ ಹೆಸರು ಬೇಕೇ ಬೇಕು. ಆದರೆ ಅದು ಜವಾಬ್ದಾರಿಯ ಗುರುತಾಗಿರಬೇಕು. ಈಗ ಅದು ಫ್ಲೆಕ್ಸ್‌ನ ಸರಕಾಗಿದೆ. ಕೆರೆ ತುಂಬಿದ ಕೂಡಲೇ ಬಾಗಿನ ಬಿಡಲು ಪೈಪೋಟಿ, ಆ ಪಕ್ಷವೋ ಈ ಪಕ್ಷವೋ ಎಂಬ ಜಗಳ.

ಈ ಜಗಳಕ್ಕೆ ಹಾನ್ ಫೈ ಎಂಬ ಚೀನಾದ ಕಠೋರ ಚಿಂತಕನ ಅಳತೆಗೋಲು ಸರಿಹೊಂದುತ್ತದೆ. ಅವನ ಶಿಕ್ಷೆಗಳು ನಮಗೆ ಬೇಡ. ಆಡಿದ ಮಾತನ್ನೂ ಆದ ಕೆಲಸವನ್ನೂ ಎದುರುಬದುರು ಇಟ್ಟು ತಾಳೆ ನೋಡಿ ಎಂದನಲ್ಲ, ಅದಷ್ಟು ಸಾಕು. ಮುಂದಿನ ಸಲ ಮತ ಕೇಳಲು ಬಂದವರನ್ನು ಬಬಲೇಶ್ವರದ, ತಿಕೋಟಾದ ಜನ ಊರಿನ ಶಂಕುಸ್ಥಾಪನೆಯ ಕಲ್ಲಿನ ಬಳಿ ಕರೆದೊಯ್ಯಲಿ. ಈ ಕೆಲಸ ಯಾವಾಗ ಮುಗಿಯಿತು, ಕಾಲುವೆಯ ಹೂಳನ್ನು ಕೊನೆಯ ಸಲ ಎತ್ತಿದ್ದು ಯಾವ ವರ್ಷ ಎಂಬ ಎರಡೇ ಪ್ರಶ್ನೆ ಕೇಳಲಿ.