ಜೋಡಿಸಿದವನು ಮಾಡಿದವನೇ?

ಅಮೆರಿಕ ಸಂಯುಕ್ತ ಸಂಸ್ಥಾನದ ಊರುಗಳಲ್ಲಿ ಮನೆಯ ಹಿಂದಣ ಅಂಗಳದಲ್ಲಿ ಒಂದು ಸಣ್ಣ ಮಂಟಪವನ್ನು ನಿಲ್ಲಿಸುವ ರೂಢಿಯುಂಟು. ನಾಲ್ಕೋ ಆರೋ ಎಂಟೋ ಕಂಬಗಳು, ಮೇಲೊಂದು ಮಾಡು, ಸುತ್ತಲೂ ಗಾಳಿ. ಅದಕ್ಕೆ ಅಲ್ಲಿಯವರು ಗಜೆಬೊ ಎನ್ನುವರು. ಬೇಸಗೆಯ ಸಂಜೆ ಮನೆಮಂದಿ ಅದರೊಳಗೆ ಕುಳಿತು ಉಣ್ಣುವರು. ಮಳೆಹನಿ ಬಿದ್ದರೆ ಮಕ್ಕಳು ಅದರಡಿಗೆ ಓಡುವರು. ಬಡಗಿಯನ್ನು ಕರೆಸಿ ಇದನ್ನು ಕಟ್ಟಿಸುವವರು ಇಂದಿಗೂ ಇದ್ದಾರೆ. ಆದರೆ ಅನೇಕರು ಇದನ್ನು ಕಿಟ್ಟಿನ ರೂಪದಲ್ಲಿ ಅಂಗಡಿಯಿಂದ ತರುವರು.

ಕಿಟ್ಟೆಂದರೆ ಬಿಡಿಬಿಡಿಯಾದ ಮಂಟಪ. ಕಂಬ, ತೊಲೆ, ಜಂತೆ, ಮಾಡಿನ ತಗಡು ಎಲ್ಲವೂ ಕಾರ್ಖಾನೆಯಲ್ಲಿಯೇ ಅಳತೆಗೆ ಕೊಯ್ದು, ರಂಧ್ರ ಕೊರೆದು, ಒಂದೊಂದರ ಮೇಲೂ ಅಕ್ಷರವನ್ನೋ ಅಂಕಿಯನ್ನೋ ಗುರುತಿಟ್ಟು ಪೆಟ್ಟಿಗೆಗಳಲ್ಲಿ ಬಂದಿರುತ್ತವೆ. ಬೋಲ್ಟು, ನಟ್ಟು, ವಾಷರುಗಳು ಎಣಿಕೆಯಾಗಿ ಸಣ್ಣ ಚೀಲಗಳಲ್ಲಿರುತ್ತವೆ. ಜೊತೆಗೆ ಚಿತ್ರಗಳಿಂದ ತುಂಬಿದ ಒಂದು ಸೂಚನಾಪತ್ರ. ಮನೆಯ ಯಜಮಾನನು ನೆರೆಯವನನ್ನೋ ಬೆಳೆದ ಮಗಳನ್ನೋ ನೆರವಿಗೆ ಕರೆದುಕೊಂಡು, ಒಂದೆರಡು ದಿನ ಬೆವರು ಸುರಿಸಿ, ಆ ಚಿತ್ರಗಳಂತೆ ತುಂಡಿಗೆ ತುಂಡನ್ನು ಸೇರಿಸಿ ಮಂಟಪವನ್ನು ಎಬ್ಬಿಸುವನು. ಮುಂದೆ ಅತಿಥಿಗಳು ಬಂದಾಗ ಅವನು ಹೇಳುವ ಮಾತೊಂದೇ: “ಇದನ್ನು ನಾನೇ ಕಟ್ಟಿದೆ.”

ಈ ಮಾತು ನಿಜವೇ?

ಪ್ರಶ್ನೆ ಅಲ್ಪವೆಂದು ತೋರಬಹುದು. ಆದರೆ ಈ ಕಾಲದಲ್ಲಿ ಮನುಷ್ಯನು ಮಾಡುವ ಕೆಲಸಗಳ ಬಹುಭಾಗ ಇದೇ ಬಗೆಯದು. ಒಬ್ಬನು ಯೋಚಿಸುವನು, ಇನ್ನೊಬ್ಬನು ಕೊಯ್ಯುವನು, ಮತ್ತೊಬ್ಬನು ಗುರುತಿಟ್ಟು ಕಳುಹಿಸುವನು. ಕೊನೆಯವನು ಹೇಳಿದ ಸ್ಥಳದಲ್ಲಿ ಹೇಳಿದ ತುಂಡನ್ನು ಸೇರಿಸುವನು. ಇಂತಹ ಕೆಲಸದಲ್ಲಿ ತನ್ನದೆಂದು ಹೇಳಿಕೊಳ್ಳತಕ್ಕದ್ದು ಏನಾದರೂ ಉಳಿದಿದೆಯೇ ಎಂಬುದು ಹಿತ್ತಿಲ ಮಂಟಪವೊಂದರ ಪ್ರಶ್ನೆಯಲ್ಲ. ದುಡಿಯುವ ಮನುಷ್ಯನ ಮರ್ಯಾದೆಯ ಪ್ರಶ್ನೆ.

ಮೊದಲು ಪೂರ್ವಪಕ್ಷವನ್ನು ಕೇಳೋಣ. ಕನ್ನಡದ ಕ್ರಿಯಾಪದವೇ ಈ ವಿಷಯದಲ್ಲಿ ಬಹು ಎಚ್ಚರದಿಂದ ನಡೆದುಕೊಂಡಿದೆ. ಮಾಡಿದವನು ಬೇರೆ, ಮಾಡಿಸಿದವನು ಬೇರೆ; ಕಟ್ಟಿದವನು ಬೇರೆ, ಕಟ್ಟಿಸಿದವನು ಬೇರೆ. ದೇಗುಲವನ್ನು ಅರಸನೋ ರಾಣಿಯೋ ಮಾಡಿಸಿದರೆಂದು ಶಾಸನ ಹೇಳುವುದು. ಬೇಲೂರಿನ ದೇಗುಲದಲ್ಲಿ ಬಳ್ಳಿಗಾವೆಯ ದಾಸೋಜನಂತಹ ರೂವಾರಿಗಳು ತಾವು ಮಾಡಿದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಕೆತ್ತಿಟ್ಟಿದ್ದಾರೆ. ಒಂದು ‘ಇಸು’ ಪ್ರತ್ಯಯದಿಂದ ಇಬ್ಬರಿಗೂ ಅವರವರ ಪಾಲು ಸಲ್ಲುವುದು. ಹಾಗಾದರೆ ಕಿಟ್ಟಿನ ಮಂಟಪದಲ್ಲಿ ಮಾಡಿದವನಾರು, ಮಾಡಿಸಿದವನಾರು? ಕೈ ಆಡಿಸಿದವನು ಮನೆಯ ಯಜಮಾನ. ಆದರೆ ಆ ಕೈಯನ್ನು ಆಡಿಸಿದ್ದು ಸೂಚನಾಪತ್ರ. ಯಾವ ಕಂಬ ಎಲ್ಲಿ, ಯಾವ ಬೋಲ್ಟು ಯಾವಾಗ ಎಂಬುದನ್ನೆಲ್ಲ ಎಲ್ಲಿಯೋ ಕುಳಿತ ಒಬ್ಬ ಅಜ್ಞಾತ ಎಂಜಿನಿಯರನು ಮೊದಲೇ ತೀರ್ಮಾನಿಸಿದ್ದಾನೆ. ಆದುದರಿಂದ ಇಲ್ಲಿ ಕಾರ್ಖಾನೆಯೇ ಮಾಡಿಸಿದ್ದು. ಯಜಮಾನನು ಅದರ ಕೊನೆಯ ಕೆಲಸಗಾರ. ಲೋಕದಲ್ಲಿ ಮಾಡಿಸುವವನು ಮಾಡುವವನಿಗೆ ಕೂಲಿ ಕೊಡುವನು. ಇಲ್ಲಿಯಾದರೋ ಮಾಡುವವನೇ ಮಾಡಿಸುವವನಿಗೆ ಹಣ ತೆತ್ತು ದುಡಿಯುವನು! ಬಿಡಿಭಾಗಗಳು ಚಪ್ಪಟೆಯಾದ ಪೆಟ್ಟಿಗೆಯಲ್ಲಿ ಅಡಗುವುದರಿಂದ ಸಾಗಣೆಯ ವೆಚ್ಚ ಉಳಿಯಿತು. ಜೋಡಣೆಯ ಕೂಲಿಯೂ ಉಳಿಯಿತು. ಇಷ್ಟಾದ ಮೇಲೆ ‘ನಾನೇ ಕಟ್ಟಿದೆ’ ಎಂಬ ಹೆಮ್ಮೆಗೆ ಆಧಾರವೆಲ್ಲಿ?

ಈ ವಾದ ಗಟ್ಟಿಯಾದದ್ದು. ಆದರೆ ಅದು ಸಾಧಿಸಬೇಕಾದುದಕ್ಕಿಂತ ಹೆಚ್ಚನ್ನು ಸಾಧಿಸಿಬಿಡುತ್ತದೆ. ಬಡಗಿಯು ಮರವನ್ನು ಬೆಳೆಸಲಿಲ್ಲ, ಉಳಿಯ ಕಬ್ಬಿಣವನ್ನು ಕರಗಿಸಲಿಲ್ಲ, ಚೂಲ ಹಾಕಿ ಮರ ಕೂಡಿಸುವ ವಿದ್ಯೆಯನ್ನು ತಾನೇ ಕಂಡುಹಿಡಿಯಲಿಲ್ಲ. ಪರರಿಂದ ಬಂದದ್ದನ್ನೆಲ್ಲ ಕಳೆಯುತ್ತ ಹೋದರೆ ಯಾವ ಕರ್ತನ ಕೈಯಲ್ಲಿಯೂ ಏನೂ ಉಳಿಯದು. ನಮ್ಮ ನೈಯಾಯಿಕರು ಒಂದು ಕಾರ್ಯಕ್ಕೆ ಒಂದೇ ಕಾರಣವನ್ನು ಹುಡುಕದೆ ಮೂರನ್ನು ಹೇಳಿದ್ದು ಇದರಿಂದಲೇ ಇರಬಹುದು. ವಸ್ತ್ರಕ್ಕೆ ನೂಲು ಸಮವಾಯಿಕಾರಣ. ನೂಲುಗಳ ಸಂಯೋಗವು ಅಸಮವಾಯಿಕಾರಣ. ಮಗ್ಗ, ನೇಯುವವನು ಮೊದಲಾದವು ನಿಮಿತ್ತಕಾರಣ. ನೂಲು ಎಷ್ಟು ನಯವಾಗಿದ್ದರೂ ಸಂಯೋಗವಿಲ್ಲದೆ ಬಟ್ಟೆಯಿಲ್ಲ. ಹಾಗೆಯೇ ಕಂಬ ತೊಲೆಗಳು ಎಷ್ಟು ಚೆನ್ನಾಗಿ ಕೊಯ್ದು ಬಂದಿದ್ದರೂ ಪೆಟ್ಟಿಗೆಯಲ್ಲಿರುವುದು ಮಂಟಪವಲ್ಲ. ಅದರಡಿ ಯಾರೂ ಮಳೆಗೆ ನಿಲ್ಲಲಾರರು.

ಬೌದ್ಧರು ಇದನ್ನೇ ಬೇರೊಂದು ಕಡೆಯಿಂದ ನೋಡಿದರು. ನಾಗಸೇನ ಭಿಕ್ಷುವು ಯವನರಾಜನಾದ ಮಿಲಿಂದನನ್ನು ರಥದ ವಿಷಯದಲ್ಲಿ ಕೇಳಿದ ಪ್ರಶ್ನೆ ಪ್ರಸಿದ್ಧವಾಗಿದೆ. ಅಚ್ಚು ರಥವೇ? ಚಕ್ರ ರಥವೇ? ನೊಗ ರಥವೇ? ಇವೆಲ್ಲದರ ಹೊರಗೆ ಬೇರೊಂದು ರಥವುಂಟೇ? ಯಾವುದೂ ಅಲ್ಲವೆಂದು ಅರಸನು ಒಪ್ಪಬೇಕಾಯಿತು. ಅಂಗಗಳನ್ನು ಆಶ್ರಯಿಸಿ ‘ರಥ’ ಎಂಬ ಹೆಸರು ಮಾತ್ರ ಹುಟ್ಟುವುದೆಂದು ನಿರ್ಣಯವಾಯಿತು. ಅವಯವಗಳಿಗಿಂತ ಬೇರೆಯಾದ ಅವಯವಿಯು ನಿಜವಾಗಿ ಹುಟ್ಟುವುದೆಂದು ನೈಯಾಯಿಕರ ಪಕ್ಷ. ಬರಿಯ ಹೆಸರೆಂದು ಬೌದ್ಧರ ಪಕ್ಷ. ವಿವಾದ ಹಾಗಿರಲಿ. ಅಂಗಗಳ ರಾಶಿಗೂ ರಥಕ್ಕೂ ನಡುವೆ ಒಂದು ಅಂತರವಿದೆ ಎಂಬುದನ್ನು ಇಬ್ಬರೂ ಅಲ್ಲಗಳೆಯುವುದಿಲ್ಲ. ಆ ಅಂತರವನ್ನು ದಾಟಿಸುವುದೇ ಜೋಡಣೆ.

ದೊಡ್ಡ ಕಟ್ಟಡಗಳ ಚರಿತ್ರೆಯೂ ಇದಕ್ಕೆ ಸಾಕ್ಷಿಯಾಗಿದೆ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಿಂತ ಗಾಜಿನ ಅರಮನೆಯು ಜೋಸೆಫ್ ಪ್ಯಾಕ್ಸ್‌ಟನ್ನನ ಕಲ್ಪನೆ. ಬೇರೆ ಬೇರೆ ಕಡೆ ಎರಕ ಹೊಯ್ದು ತಂದ ಕಬ್ಬಿಣದ ತುಂಡುಗಳಿಂದಲೂ ಒಂದೇ ಅಳತೆಯ ಗಾಜಿನ ಹಲಗೆಗಳಿಂದಲೂ ಅದನ್ನು ಕೂಡಿಸಿದರು. ಪ್ರದರ್ಶನ ಮುಗಿದ ಮೇಲೆ ಅದನ್ನು ಬಿಚ್ಚಿ, ಸಿಡೆನ್‌ಹ್ಯಾಮಿನಲ್ಲಿ ಮತ್ತಷ್ಟು ವಿಸ್ತಾರವಾಗಿ ನಿಲ್ಲಿಸಿ, 1854ರಲ್ಲಿ ಪುನಃ ತೆರೆದರು. 1936ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಅದರ ಮಾದರಿಯನ್ನು ಅನುಸರಿಸಿದ ಗಾಜಿನ ಮನೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಇಂದಿಗೂ ಇದೆ. 1889ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರನು ಅದಕ್ಕೆ ಅಸ್ತಿಭಾರ ಹಾಕಿದನು. ಆಗ ತೋಟದ ಮೇಲ್ವಿಚಾರಕನಾಗಿದ್ದವನು ಜಾನ್ ಕ್ಯಾಮೆರಾನ್. ಎರಕದ ಕಬ್ಬಿಣ ಬಂದದ್ದು ಗ್ಲಾಸ್ಗೋ ನಗರದ ಮ್ಯಾಕ್‌ಫರ್ಲೇನ್ ಕಂಪನಿಯ ಕಾರ್ಖಾನೆಯಿಂದ. ಫಲಪುಷ್ಪ ಪ್ರದರ್ಶನಕ್ಕೆ ಹೋದವರು ತಲೆಯೆತ್ತಿ ನೋಡುವ ಆ ಕಮಾನುಗಳೂ ಹಡಗಿನಲ್ಲಿ ಬಿಡಿಬಿಡಿಯಾಗಿಯೇ ಬಂದವು. ಅಸ್ತಿಭಾರ ಹಾಕಿದವನ ಹೆಸರು ಉಳಿಯಿತು, ಎರಕ ಹೊಯ್ದ ಕಂಪನಿಯ ಹೆಸರು ಉಳಿಯಿತು. ಕಂಬವನ್ನು ನೆಟ್ಟಗೆ ನಿಲ್ಲಿಸಿ ಬೋಲ್ಟು ಬಿಗಿದವರ ಹೆಸರುಗಳು ಜನರ ನಾಲಗೆಯ ಮೇಲೆ ಉಳಿಯಲಿಲ್ಲ. ಆದರೂ ಒಂದು ಶತಮಾನಕ್ಕೂ ಮಿಕ್ಕಿ ಅದು ನಿಂತಿರುವುದರಲ್ಲಿ ಅವರ ಪಾಲಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಅಮೆರಿಕದಲ್ಲಿ ಇಡಿಯ ಮನೆಗಳೇ ಹೀಗೆ ಮಾರಾಟವಾದ ಕಾಲವೂ ಇತ್ತು. ಸಿಯರ್ಸ್ ರೋಬಕ್ ಎಂಬ ವ್ಯಾಪಾರದ ಕಂಪನಿಯು 1908ರಿಂದ 1940ರವರೆಗೆ ಕ್ಯಾಟಲಾಗಿನ ಮೂಲಕ ಮನೆಗಳನ್ನು ಮಾರಿತು. ಅವುಗಳ ಸಂಖ್ಯೆ 70,000ಕ್ಕೂ ಮಿಕ್ಕಿತ್ತೆಂದು ಅಂದಾಜು. ಮರ, ಮೊಳೆ, ಕಿಟಕಿ, ಬಾಗಿಲುಗಳು ರೈಲಿನಲ್ಲಿ ಬಂದಿಳಿಯುತ್ತಿದ್ದವು. ಕೆಲವರು ಬಡಗಿಗಳನ್ನು ಗೊತ್ತುಮಾಡಿ ಕಟ್ಟಿಸಿದರು. ಕೆಲವರು ಬಂಧುಮಿತ್ರರ ನೆರವಿನಿಂದ ತಾವೇ ಕಟ್ಟಿದರು. ಅವುಗಳಲ್ಲಿ ಅನೇಕವು ಇಂದಿಗೂ ವಾಸಯೋಗ್ಯವಾಗಿವೆ.

ಜೋಡಣೆಗೆ ಬೆಲೆಯುಂಟೆಂಬುದು ಹೀಗೆ ಸಿದ್ಧಿಸಿತು. ಆದರೆ ಬೆಲೆಯಿದೆ ಎಂದಮಾತ್ರಕ್ಕೆ ಜೋಡಿಸಿದವನ ಹೆಮ್ಮೆಯೆಲ್ಲವೂ ಸಾಧುವೆಂದು ಹೇಳಲಾಗದು. ಮೈಕೇಲ್ ನಾರ್ಟನ್, ಡೇನಿಯಲ್ ಮೋಚನ್, ಡ್ಯಾನ್ ಏರಿಯಲಿ ಎಂಬ ಮೂವರು ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ಸಂದರ್ಭದಲ್ಲಿ ಸ್ಮರಣೀಯವಾಗಿದೆ. ಸಾಧಾರಣವಾದ ಪೆಟ್ಟಿಗೆಯನ್ನು ತಾವೇ ಜೋಡಿಸಿದವರು, ಜೋಡಿಸಿಟ್ಟ ಅಂತಹುದೇ ಪೆಟ್ಟಿಗೆಯನ್ನು ಪಡೆದವರಿಗಿಂತ ಅದಕ್ಕೆ ಹೆಚ್ಚು ಬೆಲೆ ಕೊಡಲು ಒಪ್ಪಿದರು. ಕಾಗದವನ್ನು ಮಡಚಿ ಪ್ರಾಣಿಯ ಆಕಾರ ಮಾಡಿದ ಹೊಸಬರು ತಮ್ಮ ಸೊಟ್ಟ ಕೃತಿಯನ್ನು ನಿಪುಣರ ಕೃತಿಗೆ ಹೆಚ್ಚುಕಡಿಮೆ ಸಮವೆಂದು ಎಣಿಸಿದರು. ನೋಡಿದ ಇತರರು ಹಾಗೆ ಎಣಿಸಲಿಲ್ಲ. ಕೆಲಸ ಅರ್ಧಕ್ಕೆ ನಿಂತರೆ, ಅಥವಾ ಮಾಡಿದ್ದನ್ನು ಬಿಚ್ಚಿಬಿಟ್ಟರೆ, ಆ ಮೋಹವೂ ಇಳಿದುಹೋಯಿತು. ಶ್ರಮವು ಪ್ರೀತಿಯನ್ನು ಹುಟ್ಟಿಸುವುದೆಂಬುದು ಇದರ ತಾತ್ಪರ್ಯ. ಒಳ್ಳೆಯದೇ. ಆದರೆ ಹೆತ್ತವರಿಗೆ ಹೆಗ್ಗಣವೂ ಮುದ್ದು. ಹೀಗೆ ಹುಟ್ಟಿದ ಪ್ರೀತಿಯು ಕೃತಿ ತನಗೆ ಪ್ರಿಯವೆಂಬುದಕ್ಕೆ ಪ್ರಮಾಣವಾದೀತೇ ಹೊರತು, ಕೃತಿ ಚೆನ್ನಾಗಿದೆ ಎಂಬುದಕ್ಕೆ ಪ್ರಮಾಣವಾಗದು. ಪೆಟ್ಟಿಗೆ ಸೊಟ್ಟಗಿದ್ದರೆ ನಷ್ಟ ಅಲ್ಪ. ಮಂಟಪದ ಮಾಡು ಮಕ್ಕಳ ತಲೆಯ ಮೇಲಿರುವುದು.

ಹಾಗಾದರೆ ಜೋಡಿಸಿದವನು ಎಷ್ಟರಮಟ್ಟಿಗೆ ಮಾಡಿದವನು? ತಿಳಿದು ಮಾಡಿದಷ್ಟರ ಮಟ್ಟಿಗೆ, ಮತ್ತು ಮಾಡಿದುದಕ್ಕೆ ಹೊಣೆ ಹೊತ್ತಷ್ಟರ ಮಟ್ಟಿಗೆ, ಎಂಬುದೇ ಇದಕ್ಕೆ ಸರಿಯಾದ ಉತ್ತರವೆಂದು ತೋರುತ್ತದೆ.

ತಿಳಿವಿನ ಮಾತನ್ನು ಮೊದಲು ತೆಗೆದುಕೊಳ್ಳಬಹುದು. ಚೌಕಟ್ಟು ನಿಲ್ಲುವ ತನಕ ಯಾವ ಬೋಲ್ಟನ್ನೂ ಪೂರ್ತಿ ಬಿಗಿಯಬಾರದೆಂದು ಸೂಚನಾಪತ್ರ ಸಾಮಾನ್ಯವಾಗಿ ಹೇಳುವುದು. ಒಬ್ಬನು ಹೇಳಿದ್ದರಿಂದ ಹಾಗೆ ಮಾಡುವನು. ಇನ್ನೊಬ್ಬನು ಏಕೆಂದು ವಿಚಾರಿಸುವನು. ಆಯತದ ಎದುರುಬದುರಿನ ಬದಿಗಳು ಸಮವಾಗಿದ್ದ ಮಾತ್ರಕ್ಕೆ ಮೂಲೆಗಳು ನೆಟ್ಟಗಿರುವುವೆಂಬ ನಿಯಮವಿಲ್ಲ. ಚೌಕಟ್ಟು ಓರೆಯಾಗಿಯೂ ನಿಲ್ಲಬಹುದು. ಮೂಲೆಯಿಂದ ಮೂಲೆಗೆ ಅಳೆದ ಎರಡು ಕರ್ಣಗಳೂ ಸಮವಾದಾಗಲೇ ಅದು ಸರಿಯಾದ ಆಯತ. ಮೊದಲೇ ಬಿಗಿದರೆ ತಿದ್ದಲು ಎಡೆಯಿಲ್ಲ. ಕೊನೆಯ ಜಂತೆಯ ರಂಧ್ರ ಕೂಡುವುದೇ ಇಲ್ಲ. ಇಷ್ಟನ್ನು ಅರಿತವನ ಕೈಯಲ್ಲಿ ಅದೇ ಆಜ್ಞೆಯು ವಿದ್ಯೆಯಾಗುವುದು. ಕಂಬದ ಬುಡವನ್ನು ಕಾಂಕ್ರೀಟಿಗೆ ಬಿಗಿಯುವ ವಿಷಯವೂ ಹಾಗೆಯೇ. ಮಾಡಿನ ಭಾರ ಕೆಳಕ್ಕಲ್ಲವೇ, ಬಿಗಿಯದಿದ್ದರೇನು ಎಂದು ಅವಸರದವನು ಯೋಚಿಸುವನು. ಗೋಡೆಯಿಲ್ಲದ ಮಂಟಪದ ಒಳಹೊಕ್ಕ ಬಿರುಗಾಳಿಯು ಮಾಡನ್ನು ಮೇಲಕ್ಕೆತ್ತುವುದೆಂದು ಬಲ್ಲವನು ಆ ನಾಲ್ಕು ಬೋಲ್ಟುಗಳನ್ನು ಎರಡು ಬಾರಿ ನೋಡುವನು. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ ಪತ್ರವನ್ನು ಅನುಸರಿಸಿದರು. ಆದರೆ ಮೊದಲನೆಯವನು ಕಾಗದದ ಕೈ. ಎರಡನೆಯವನು ಕಾಗದವನ್ನು ಬರೆದವನ ಜೊತೆಗಾರ. ಸ್ವಾತಂತ್ರ್ಯವೆಂದರೆ ಸೂಚನೆಯನ್ನು ಮೀರುವುದಲ್ಲ. ಅದರ ಕಾರಣವನ್ನು ತನ್ನದಾಗಿ ಮಾಡಿಕೊಳ್ಳುವುದು.

ಇನ್ನು ಹೊಣೆ. ಮಂಟಪ ಎದ್ದುನಿಂತಿತು, ಚೀಲದಲ್ಲಿ ಮೂರು ಬೋಲ್ಟುಗಳು ಉಳಿದಿವೆ. ಹೆಚ್ಚಿಗೆ ಕಳುಹಿಸಿದವೋ, ಎಲ್ಲಿಯಾದರೂ ಬಿಟ್ಟುಹೋದವೋ? ಪತ್ರದ ಎಣಿಕೆಯನ್ನು ತೆಗೆದು ನೋಡಿದರೆ ತಿಳಿಯುವುದು. ಬಿಟ್ಟುಹೋಗಿದ್ದರೆ ಏಣಿಯನ್ನು ಪುನಃ ಹಾಕಿ ಹತ್ತಬೇಕು. ಹೊತ್ತು ಮುಳುಗಿದೆ, ಮೈ ದಣಿದಿದೆ, ತಗಡಿನ ಕೆಳಗಿನ ಆ ಸಂದು ಯಾರ ಕಣ್ಣಿಗೂ ಬೀಳದು. ‘ನಾನೇ ಕಟ್ಟಿದೆ’ ಎಂಬ ಮಾತಿನ ನಿಜವು ತೀರ್ಮಾನವಾಗುವುದು ಅತಿಥಿಗಳ ಮುಂದಲ್ಲ, ಈ ಗಳಿಗೆಯಲ್ಲಿ. ಮಂಟಪ ನಿಂತರೆ ನಾನು ಕಟ್ಟಿದ್ದು, ಹಿಮದ ಭಾರಕ್ಕೆ ಬಾಗಿದರೆ ಕಾರ್ಖಾನೆಯವರು ಕೆಡಿಸಿದ್ದು ಎಂಬವನು ಕಟ್ಟಿದವನಲ್ಲ. ಅದೇ ರೀತಿ, ಮಾರುವಾಗ ಇದು ನಮ್ಮ ಕೃತಿಯೆಂದು ಹೊಗಳಿಕೊಂಡು, ರಂಧ್ರ ತಪ್ಪಾಗಿ ಕೊರೆದು ಕಳುಹಿಸಿದಾಗ ಜೋಡಿಸಿದವನ ಮೇಲೆ ತಪ್ಪು ಹೊರಿಸುವ ಕಾರ್ಖಾನೆಯೂ ಮಾಡಿದ್ದಲ್ಲ, ಮಾಡಿಸಿದ್ದೂ ಅಲ್ಲ. ಯೋಚಿಸಿದವನು ಯೋಚನೆಗೆ, ಕೊಯ್ದವನು ಅಳತೆಗೆ, ಜೋಡಿಸಿದವನು ಜೋಡಣೆಗೆ ಉತ್ತರವಾದಿ. ಕೀರ್ತಿಯ ಪಾಲೂ ದೋಷದ ಪಾಲೂ ಒಂದೇ ತಕ್ಕಡಿಯಲ್ಲಿ ತೂಗಿ ಬರಬೇಕು.

ಹೀಗೆ ಪಾಲು ಹಂಚಿದ ಮೇಲೆ ‘ನಾನೇ’ ಎಂಬುದರಲ್ಲಿರುವ ಏಕಾರವು ತಾನಾಗಿ ಸಡಿಲುವುದು. ಮಾಡಿನ ಚೌಕಟ್ಟನ್ನು ಒಬ್ಬನೇ ಎತ್ತಲಾರ. ನೆರೆಯವನು ಒಂದು ಮಗ್ಗುಲನ್ನು ಹಿಡಿದಿದ್ದಾನೆ, ಮಗಳು ಏಣಿಯ ಕೆಳಗೆ ನಿಂತು ರಸಮಟ್ಟವನ್ನು ನೋಡಿ ಹೇಳಿದ್ದಾಳೆ. ಅವರ ಹೆಸರನ್ನು ಬಿಟ್ಟು ಹೇಳಿದ ಮಾತು ಪೂರ್ತಿ ಸುಳ್ಳಲ್ಲದಿದ್ದರೂ ಪೂರ್ತಿ ನಿಜವಲ್ಲ. ತಕ್ಕ ಮಾತಿಗೆ ಕನ್ನಡದಲ್ಲಿ ಬಡತನವಿಲ್ಲ. ‘ನಾವು ಇದನ್ನು ಸೇರಿ ನಿಲ್ಲಿಸಿದೆವು’ ಎಂದರೆ ಯೋಚಿಸಿದವನ ಪಾಲನ್ನು ಕಸಿದುಕೊಂಡಂತಾಗದು, ಬೆವರು ಸುರಿಸಿದವರ ಪಾಲನ್ನು ಬಿಟ್ಟುಕೊಟ್ಟಂತೆಯೂ ಆಗದು.

ಹೊಸದನ್ನು ಕಲ್ಪಿಸುವ ಭಾಗ್ಯ ಕೆಲವರದು. ಕಲ್ಪಿಸಿದ್ದನ್ನು ನಿಲ್ಲುವಂತೆ ನಿಲ್ಲಿಸುವ ಧರ್ಮ ಎಲ್ಲರದು. ಬಹುಮಂದಿಯ ಬಾಳು ಈ ಎರಡನೆಯದರಲ್ಲಿಯೇ ಸವೆಯುವುದರಿಂದ ಅದನ್ನು ಕೀಳೆಂದು ಎಣಿಸುವುದೂ ತಪ್ಪು, ಅದನ್ನೇ ಮೊದಲನೆಯದೆಂದು ಮೆರೆಸುವುದೂ ತಪ್ಪು. ಕಾಣದ ಸಂದಿನಲ್ಲಿ ಬಿಗಿದ ಬೋಲ್ಟೊಂದು ಗಾಳಿಯ ರಾತ್ರಿಯಲ್ಲಿ ಮಾಡನ್ನು ಹಿಡಿದಿರುವುದಾದರೆ, ಅದನ್ನು ಬಿಗಿದವನು ಅಷ್ಟರಮಟ್ಟಿಗೆ ಕರ್ತನೇ ಸರಿ.