ದೋಣಿಯೊಳಗಿನ ಲೆಕ್ಕ

"ಹೊಳಿ ದಾಟಿದ ಮ್ಯಾಲ ಅಂಬಿಗ ಮಿಂಡ." ನಮ್ಮ ಕಡೆ ಈ ಗಾದೆ ಹೆಚ್ಚಾಗಿ ಬರುವುದು ಮನೆಪಾಲಿನ, ಭಾಗೀದಾರಿಯ, ಇಲೆಕ್ಷನ್ ಮುಗಿದ ಮೇಲಿನ ಮಾತುಗಳಲ್ಲಿ. ಕೆಲಸ ಆಗುವ ತನಕ ಕಾಲು ಹಿಡಿದವನು ಆಮೇಲೆ ಗುರುತು ಸಹ ಹಿಡಿಯಲಿಲ್ಲ ಎಂಬ ಸಿಟ್ಟು ಅದರಲ್ಲಿದೆ. ಕೇಳಿದವರೆಲ್ಲ ಅಂಬಿಗನ ಕಡೆಯೇ. ದಾಟಿದವನು ಉಂಡ ಮನೆಗೆ ಎರಡು ಬಗೆದವನು, ಅಲ್ಲಿಗೆ ಪಂಚಾಯಿತಿ ಮುಗಿಯಿತು. ನನಗೆ ಇದು ಅವಸರದ ಪಂಚಾಯಿತಿ ಅನಿಸುತ್ತದೆ. ಆಚೆ ದಡದಲ್ಲಿ ಮನಸ್ಸು ಕೆಟ್ಟದ್ದನ್ನು ಗಾದೆ ನೋಡಿದೆ, ಈಚೆ ದಡದಲ್ಲಿ ದೋಣಿ ಹತ್ತುವಾಗ ಯಾರ ಮನಸ್ಸಿನಲ್ಲಿ ಏನಿತ್ತು ಎಂದು ವಿಚಾರಿಸಿಲ್ಲ.

ಆ ವಿಚಾರಣೆಗೆ ದೂರ ಹೋಗಬೇಕಿಲ್ಲ, ಧಾರವಾಡದ ಕಿಲ್ಲೆ ಸಾಕು. ಈಗ ಕಿಲ್ಲಾ ಎಂದರೆ ಉಳಿದ ಒಂದು ಬಾಗಿಲು, ದುರ್ಗಾದೇವಿ ಗುಡಿ, ಸುತ್ತಲಿನ ಮನೆಗಳು. 1790ರಲ್ಲಿ ಅದು ಟಿಪ್ಪು ಸುಲ್ತಾನನ ಉತ್ತರದ ಗಟ್ಟಿ ಠಾಣೆ, ಒಳಗಿದ್ದವನು ಬದ್ರುಜ್ಜಮಾನ್ ಖಾನ್. ಆ ವರ್ಷದ ಜೂನ್–ಜುಲೈನಲ್ಲಿ ಪೇಶ್ವೆ, ನಿಜಾಮ, ಈಸ್ಟ್ ಇಂಡಿಯಾ ಕಂಪನಿ ಮೂವರೂ ಟಿಪ್ಪುವಿನ ವಿರುದ್ಧ ಕರಾರು ಮಾಡಿಕೊಂಡರು. ಗೆದ್ದದ್ದರಲ್ಲಿ ಮೂರು ಸಮಪಾಲು ಎಂದೂ ಬರೆದುಕೊಂಡರು. ಪಾಲಿನ ಮಾತು ಮೊದಲು, ಗುಂಡು ಆಮೇಲೆ. ಹತ್ತೇ ವರ್ಷ ಹಿಂದೆ, 1780ರಲ್ಲಿ, ಇದೇ ಪುಣೆಯ ಪೇಶ್ವೆ ದರಬಾರಿನ ನಾನಾ ಫಡ್ನವೀಸ ಇದೇ ಟಿಪ್ಪುವಿನ ತಂದೆ ಹೈದರನನ್ನೂ ನಿಜಾಮನನ್ನೂ ಕಟ್ಟಿಕೊಂಡು ಕಂಪನಿಯ ಮೇಲೆ ತಿರುಗಿದ್ದ. ಆಗ ಹೊಳೆಯ ಹೆಸರು ಕಂಪನಿ, ಈಗ ಟಿಪ್ಪು.

ಸೆಪ್ಟೆಂಬರ್‌ನಲ್ಲಿ ಪೇಶ್ವೆಯ ಸರದಾರ ಪರಶುರಾಮ ಭಾವು ಪಟವರ್ಧನನ ದಂಡು ಧಾರವಾಡಕ್ಕೆ ಬಂತು. ಜೊತೆಗೆ ಮುಂಬಯಿ ಸಿಪಾಯಿಗಳ ತುಕಡಿಯೊಂದಿಗೆ ಕ್ಯಾಪ್ಟನ್ ಲಿಟ್ಲ್. ಆ ತುಕಡಿಯಲ್ಲಿ ಎಡ್ವರ್ಡ್ ಮೂರ್ ಎಂಬ ಹರೆಯದ ಲೆಫ್ಟಿನೆಂಟ್ ಇದ್ದ. ಮುಂದೆ ಹಿಂದೂ ದೇವದೇವತೆಗಳ ಬಗ್ಗೆ ದೊಡ್ಡ ಪುಸ್ತಕ ಬರೆದವನು ಇವನೇ. ಈ ದಂಡಯಾತ್ರೆಯ ಕತೆಯನ್ನು 1794ರಲ್ಲಿ ಅಚ್ಚು ಹಾಕಿಸಿದ. ಮರಾಠರ ತೋಪಿನ ಕೆಲಸ ಅವನು ಕಂಡದ್ದು ಹೀಗೆ: ತೋಪಿಗೆ ಮದ್ದು ತುಂಬುತ್ತಾರೆ, ತುಂಬಿ ಎಲ್ಲರೂ ಕುಕ್ಕರುಗಾಲಲ್ಲಿ ಕೂತು ಅರ್ಧ ತಾಸು ಹೊಗೆ ಸೇದುತ್ತ ಹರಟೆ ಹೊಡೆಯುತ್ತಾರೆ. ಆಮೇಲೆ ಒಂದು ಗುಂಡು. ಗೋಡೆಯಿಂದ ಧೂಳು ಚೆನ್ನಾಗಿ ಎದ್ದರೆ ಕೆಲಸ ಆದಂತೆ, ಮತ್ತೆ ಮದ್ದು, ಮತ್ತೆ ಹರಟೆ. ನಡುಮಧ್ಯಾಹ್ನ ಒಂದೆರಡು ತಾಸು ಒಳಗಿನವರೂ ಹೊರಗಿನವರೂ ಮಾತಾಡಿಕೊಂಡವರ ಹಾಗೆ ಗುಂಡು ನಿಲ್ಲಿಸುತ್ತಾರೆ. ಧಾರವಾಡದ ಮಧ್ಯಾಹ್ನದ ಊಟದ ಬಿಡುವಿಗೆ ಇಷ್ಟು ಹಳೆಯ ಲಿಖಿತ ಸಾಕ್ಷಿ ಇನ್ನೊಂದಿರಲಿಕ್ಕಿಲ್ಲ.

ಬ್ರಿಟಿಷ್ ಅಧಿಕಾರಿ ಇದನ್ನು ನಗಾಡುತ್ತ ಬರೆದಿದ್ದಾನೆ, ಆದರೆ ಅವನ ಛಾವಣಿಯಲ್ಲಿ ನಗು ಇರಲಿಲ್ಲ. ಪುಣೆಯಿಂದ ಮದ್ದು ಸಾಲದಷ್ಟೇ ಬರುತ್ತಿತ್ತು. ಭಾವು ಬೇಕೆಂದೇ ಎಳೆಯುತ್ತಿದ್ದಾನೆ ಎಂಬ ಗುಮಾನಿ ಇಂಗ್ಲಿಷರಲ್ಲಿ ಹುಟ್ಟಿತು. ಹೆಚ್ಚಿನ ಸೈನ್ಯದೊಡನೆ ಬಂದ ಕರ್ನಲ್ ಫ್ರೆಡರಿಕ್ 1791ರ ಫೆಬ್ರುವರಿಯಲ್ಲಿ ಕೋಟೆಗೆ ಲಗ್ಗೆ ಹಾಕಿಸಿ ಸೋತ, ಮಾರ್ಚ್‌ನಲ್ಲಿ ಇಲ್ಲಿಯೇ ತೀರಿಕೊಂಡ. ಕೋಟೆ ಕೈಗೆ ಬಂದದ್ದು ಏಪ್ರಿಲ್ ಮೊದಲ ವಾರ. ಆರು ತಿಂಗಳು ಮೀರಿತ್ತು.

ಭಾವುವಿನ ಕಡೆಯಿಂದ ನೋಡಿ. ತುಂಗಭದ್ರೆಯ ಈಚೆಯ ಈ ಸೀಮೆ ಪಟವರ್ಧನರು ಹೈದರನ ಕಾಲದಿಂದ ಕಾದಾಡಿದ ನೆಲ. ಶ್ರೀರಂಗಪಟ್ಟಣ ಬಿದ್ದರೆ ಹಿರಿಮೆ ಕಂಪನಿಯ ಕಾರ್ನ್‌ವಾಲಿಸನದು. ಧಾರವಾಡ ಬಿದ್ದರೆ ಗಂಟು ತನ್ನದು. ಟಿಪ್ಪು ಪೂರ್ತಿ ಮುಳುಗುವುದು ಪುಣೆಗೂ ಬೇಡವಾಗಿತ್ತು. ಅವನಿದ್ದರೆ ಕಂಪನಿಗೆ ಒಂದು ತಡೆ ಎಂಬುದು ನಾನಾನಿಗೆ ಗೊತ್ತಿತ್ತು. ಇಷ್ಟೆಲ್ಲ ಇರುವಾಗ ಭಾವು ಅವಸರದಿಂದ ಹುಟ್ಟು ಹಾಕುತ್ತಾನೆಯೇ?

ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮುಂದೆ ಹಸಿವು ರೋಗಗಳಿಂದ ಕಂಗೆಟ್ಟು, ಎಳೆಯಲು ಎತ್ತಿಲ್ಲದೆ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದು ಹಿಂದೆ ಸರಿದ. ಮೇಲುಕೋಟೆಯ ಕಡೆ ಎದುರಾದದ್ದು ಮರಾಠಾ ದಂಡು, ಅದರ ಬೆನ್ನಿಗೆ ತುಂಬಿದ ಬಜಾರು. ಉಪವಾಸ ಬಿದ್ದ ಮಿತ್ರಸೈನ್ಯಕ್ಕೆ ಕಾಳು ಸಿಕ್ಕಿತು, ಮಿತ್ರರ ದರದಲ್ಲಲ್ಲ, ಬರಗಾಲದ ದರದಲ್ಲಿ. ಒಪ್ಪಂದದ ಯಾವ ಕಲಮಿಗಿಂತಲೂ ಈ ಬಜಾರು ಆ ಗೆಳೆತನದ ಬಗ್ಗೆ ಹೆಚ್ಚು ಹೇಳುತ್ತದೆ.

ಇಂಥ ಗೆಳೆತನಕ್ಕೆ ಜಗತ್ತಿನ ದೊಡ್ಡ ಉದಾಹರಣೆಯಾದ ಎರಡನೆಯ ಮಹಾಯುದ್ಧದಲ್ಲೂ ಇದೇ ಗುಮಾನಿ. 1945ರ ಏಪ್ರಿಲ್ 25ರಂದು ಎಲ್ಬ್ ನದಿಯ ಹತ್ತಿರ ಅಮೆರಿಕದ, ಸೋವಿಯತ್ತಿನ ಸಿಪಾಯಿಗಳು ಕೈ ಕುಲುಕಿದರು. 1948ರ ಜೂನ್‌ನಲ್ಲಿ ಬರ್ಲಿನ್‌ಗೆ ಹೋಗುವ ದಾರಿಗಳನ್ನೇ ಸ್ಟಾಲಿನ್ ಮುಚ್ಚಿದ. ಮೂರು ವರ್ಷದಲ್ಲಿ ಸ್ನೇಹ ಹಳಸಿತು ಎನ್ನುತ್ತೇವೆ. ಆದರೆ ಫ್ರಾನ್ಸಿನಲ್ಲಿ ಎರಡನೆಯ ರಂಗ ತೆರೆಯಿರಿ ಎಂದು ಸ್ಟಾಲಿನ್ 1941ರಿಂದ ಬಡಿದುಕೊಳ್ಳುತ್ತಿದ್ದ, ಅದು ತೆರೆದದ್ದು 1944ರ ಜೂನ್ 6ಕ್ಕೆ. ನಮ್ಮ ರಕ್ತ ಬಸಿಯಲೆಂದು ಕಾಯುತ್ತಿದ್ದಾರೆ ಎಂದು ಮಾಸ್ಕೋ ಅಂದುಕೊಂಡದ್ದಕ್ಕೂ ಭಾವು ಹೊಗೆ ಸೇದುತ್ತ ಕೂತಿದ್ದಾನೆ ಎಂದು ಲಿಟ್ಲ್‌ನ ಛಾವಣಿ ಗೊಣಗಿದ್ದಕ್ಕೂ ಜಾತಿ ಒಂದೇ.

1792ರ ಮಾರ್ಚ್‌ನಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಹಂಚಿಹೋಯಿತು, ಧಾರವಾಡ ಪೇಶ್ವೆಯ ಪಾಲಿಗೆ ಬಂತು. ಹೊಳೆ ಅರ್ಧ ಬತ್ತಿದ್ದಕ್ಕೇ ಜಗಳ ಶುರು: 1795ರಲ್ಲಿ ಖರ್ಡಾದಲ್ಲಿ ಮರಾಠರು ನಿಜಾಮನನ್ನು ಬಡಿದರು, ಮುಂದಾಳು ಇದೇ ಪರಶುರಾಮ ಭಾವು. ಕಂಪನಿ ದಡದಲ್ಲಿ ನಿಂತು ನೋಡಿತು. 1799ರ ಮೇ 4ರಂದು ಟಿಪ್ಪು ಸತ್ತ, ಹೊಳೆ ಪೂರ್ತಿ ಬತ್ತಿತು. ಮರುವರ್ಷವೇ ನಿಜಾಮ ಮೈಸೂರಿನಿಂದ ತನಗೆ ಬಂದ ಬಳ್ಳಾರಿ ಮುಂತಾದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ, ಕಂಪನಿಯದೇ ದಂಡಿನ ಖರ್ಚಿಗೆಂದು. 1803ರಲ್ಲಿ ಅಸ್ಸಾಯೆಯಲ್ಲಿ ಕಂಪನಿಯೂ ಮರಾಠರೂ ಎದುರುಬದುರಾದರು. 1817ರ ಜೂನ್‌ನಲ್ಲಿ ಪೇಶ್ವೆ ಎರಡನೆಯ ಬಾಜೀರಾಯ ಪುಣೆಯಲ್ಲಿ ಕಾಗದಕ್ಕೆ ಸಹಿ ಹಾಕಿ ಧಾರವಾಡವನ್ನೂ ಕುಸುಗಲ್ಲನ್ನೂ ಕಂಪನಿಗೆ ಕೊಟ್ಟ. ಆರು ತಿಂಗಳ ತೋಪಿಗೆ ಬಗ್ಗಿದ ಕೋಟೆ ಈ ಸಲ ಒಂದು ಸಹಿಗೆ ಹೋಯಿತು.

ಹೀಗೆ ನೋಡಿದರೆ ಈ ಮೂವರಿಗೆ ಗಾದೆ ಹೊಂದುವುದಿಲ್ಲ. ಅಲ್ಲಿ ಅಂಬಿಗನೂ ಇಲ್ಲ, ದಾಟುವವನೂ ಇಲ್ಲ. ಮೂವರ ಕೈಯಲ್ಲೂ ಹುಟ್ಟು, ಮೂವರ ಕಣ್ಣೂ ಆಚೆ ದಡದ ಹೊಲದ ಮೇಲೆ. ಯಾರೂ ಯಾರಿಗೂ ಉಪಕಾರ ಮಾಡಿರಲಿಲ್ಲ, ಮರೆಯಲು ಏನಿದೆ?

ಗಾದೆ ಸರಿಯಾಗಿ ಹೊಂದುವುದು ಕಿತ್ತೂರಿಗೆ. 1818ರಲ್ಲಿ ಧಾರವಾಡದಿಂದ ಹೊರಟ ಕಂಪನಿಯ ಥಾಮಸ್ ಮನ್ರೋ ಬಾದಾಮಿ, ಬೆಳಗಾವಿಗಳನ್ನು ಹಿಡಿಯುವಾಗ ಕಿತ್ತೂರಿನ ದೇಸಾಯಿ ಅವನ ನೆರವಿಗೆ ನಿಂತ. ಕಿತ್ತೂರಿಗೆ ಸಾಮ್ರಾಜ್ಯ ಕಟ್ಟುವ ಆಸೆ ಇರಲಿಲ್ಲ, ತನ್ನ ಸಂಸ್ಥಾನ ಉಳಿದರೆ ಸಾಕಿತ್ತು. ಕಪ್ಪ ನಿಗದಿಯಾಯಿತು, ಸನದು ಸಿಕ್ಕಿತು. 1824ರ ಸೆಪ್ಟೆಂಬರ್‌ನಲ್ಲಿ ದೇಸಾಯಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲ, ಖಜಾನೆಗೆ ಮುದ್ರೆ ಹಾಕಿಸಿದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಅವನೇ ಗುಂಡಿಗೆ ಬಿದ್ದ. ಡಿಸೆಂಬರ್‌ನಲ್ಲಿ ಕೋಟೆ ಹೋಯಿತು, ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾದಳು. ಸನದು ಕೊಟ್ಟಿದ್ದ ಮನ್ರೋ ಅಷ್ಟರಲ್ಲಿ ಮದರಾಸಿನ ಗವರ್ನರ್ ಆಗಿದ್ದ, ಧಾರವಾಡ ಜಿಲ್ಲೆ ಮುಂಬಯಿಯ ಕೈಗೆ ಹೋಗಿತ್ತು. ಆರು ವರ್ಷದ ಹಿಂದೆ ನೆರವಿಗೆ ನಿಂತವರು ಯಾರು ಎಂದು ಕೇಳುವ ಹೊಣೆ ಎರಡೂ ಕಚೇರಿಗಳಿಗೆ ಇರಲಿಲ್ಲ.