ಖಾನ್ ಅವರನ್ನು ಯಾಕೆ ಕೇಳಲಿಲ್ಲ?

ಪರದೇಶದಿಂದ ಸೇವೆಗೆ ಬರುವ ಡಾಕ್ಟರುಗಳ ಒಳ್ಳೇತನವನ್ನು ನಾವು ಅಲ್ಲಗಳೆಯುತ್ತಿಲ್ಲ. ಎಬೋಲಾ ಕಾಲದಲ್ಲಿ ಆಫ್ರಿಕಾಕ್ಕೆ ಹೋದವರು ಜೀವಕ್ಕೆ ಹೆದರಿದೋರಲ್ಲ. ಆದರೆ 2014ರ ಜುಲೈನಲ್ಲಿ ಸಿಯೆರಾ ಲಿಯೋನ್‌ನ ವೈದ್ಯ ಶೇಖ್ ಉಮರ್ ಖಾನ್, ತನ್ನ ಜನರ ಆರೈಕೆ ಮಾಡುತ್ತಲೇ ಆ ರೋಗ ಹತ್ತಿಸಿಕೊಂಡು ಮಲಗಿದಾಗ, ಝಡ್‌ಮ್ಯಾಪ್ ಎಂಬ ಹೊಸ ಔಷಧಿ ಅದೇ ಚಿಕಿತ್ಸಾ ಕೇಂದ್ರದಲ್ಲಿತ್ತು. ಕೊಡಲಿಲ್ಲ. ಮನುಷ್ಯರ ಮೇಲೆ ಪರೀಕ್ಷೆಯಾಗಿಲ್ಲ, ಹೆಚ್ಚುಕಮ್ಮಿಯಾದರೆ ಜನ ನಂಬೋದಿಲ್ಲ ಅಂತ ಹೊರಗಿನಿಂದ ಬಂದ ವೈದ್ಯರು ತೀರ್ಮಾನಿಸಿದರು. ಖಾನ್ ಅವರಿಗೆ ಹೇಳಲೂ ಇಲ್ಲ. 29ರಂದು ಸತ್ತರು.

ಕೆಲವೇ ದಿನಗಳಲ್ಲಿ ಲೈಬೀರಿಯಾದಲ್ಲಿ ಸೇವೆಗಿದ್ದ ಇಬ್ಬರು ಅಮೆರಿಕನ್ನರಿಗೆ ಅದೇ ಔಷಧಿ ಸಿಕ್ಕಿತು, ವಿಮಾನವೂ ಬಂತು. ಬದುಕಿದರು, ಸಂತೋಷ. (ಔಷಧಿಯಿಂದಲೇ ಬದುಕಿದರು ಅನ್ನಲು ಪುರಾವೆಯಿಲ್ಲ.) ನಮ್ಮ ಜಗಳ ಬೇರೆ. ಖಾನ್ ಕೂಡ ವೈದ್ಯರೇ ಅಲ್ಲವೇ? ಬೇಕೋ ಬೇಡವೋ ಅಂತ ಅವರನ್ನೇ ಕೇಳಬಹುದಿತ್ತು. ಉದ್ಧಾರಕ್ಕೆ ಬಂದೋರು ನಮ್ಮನ್ನು ಕೇಳದೆ ನಮ್ಮ ತೀರ್ಮಾನ ಮಾಡೋದನ್ನ ಕೇರಿಯವರಾದ ನಾವೂ ಕಂಡವರು.